ಒಮ್ಮಿಂದೊಮ್ಮೆಲೆ ಕಿವಿ ಹೋದವ್ರಿಗೆ ಎಂಆರ್‌ಐ ಬಿಡಬ್ಯಾಡ್ರಿ: ಗದಗದಾಗ ನನ್ನ ಅನುಭವ

ಆರೇಳು ವರ್ಷದಿಂದ ಒಂದ ಹಟ ಹಿಡದೀನಿ, ಒಮ್ಮೆಲೆ ಒಂದ ಕಿವಿ ಬಂದ್ ಆಗಿ ಬಂದವ್ರಿಗೆ ಸ್ಟಿರಾಯ್ಡ್ ಜೋಡಿ ಎಂಆರ್‌ಐನೂ ಬರೀತೀನಿ, ಕಿವಿ ವಾಪಸ್ ಬಂದ್ರೂ ಬಿಡಂಗಿಲ್ಲ. "ನೂರಕ್ಕ ಎರಡ್ಮೂರು ಮಂದಿಗೆ ಸಿಗೋ ಗಂಟಿನ ಸಲುವಾಗಿ ಎಲ್ಲಾರ ಕಿಸೆ ಯಾಕ ಖಾಲಿ ಮಾಡಸ್ತಿ" ಅಂತ ಇಎನ್‌ಟಿ ಗೆಳ್ಯಾರು ಬೈತಿದ್ರು. ಅಂದಾಜು ತೊಂಬತ್ತು ಪೇಷಂಟ್ ಆಗಿರಬೇಕು, ಮೂರು ಅಕೂಸ್ಟಿಕ್ ನ್ಯೂರೋಮಾ, ಅಂದ್ರ ಒಳಗಿವಿಯಿಂದ ಮಿದುಳಿಗೆ ಹೋಗೋ ನರದ ಮ್ಯಾಲಿನ ಕ್ಯಾನ್ಸರ್ ಅಲ್ಲದ ಗಂಟು, ಸಿಕ್ಕಾವು. ಈಗ ಅದ ಗೆಳ್ಯಾರು ಎಂಆರ್‌ಐ ಬಗ್ಗೆ ಫೋನ್ ಮಾಡಿ ಕೇಳ್ತಾರ.

ಈ ಹಟಕ್ಕ ಕಾರಣ ನನ್ನ ತಪ್ಪು. ರೋಣದ ಕಡೆ ಸಾಲಿ ಅಕ್ಕಾರೊಬ್ರು, ರಾತ್ರೋರಾತ್ರಿ ಎಡಗಿವಿ ಹೋಗಿತ್ತು, ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್ 60 ಮಿಲಿಗ್ರಾಂ ಶುರು ಮಾಡ್ದೆ, ಎರಡ ವಾರದಾಗ ಆಡಿಯೋಗ್ರಾಮ್ (ಎಷ್ಟು ಸಣ್ಣ ಸಪ್ಪಳ ಕೇಳತೈತಿ ಅಂತ ಅಳಿಯೋ ಟೆಸ್ಟ್) ಮುಕ್ಕಾಲು ಪಾಲು ಸುಧಾರಿಸ್ತು, ವೈರಲ್ ಇರಬೇಕಂತ ಖುಷಿಲೇ ಕಳಿಸಿಬಿಟ್ಟೆ. ಎರಡು ವರ್ಷದ ಮ್ಯಾಲೆ ಬಂದ್ರು, ಎಡಗಲ್ಲ ಜೋಮು ಹಿಡದಿತ್ತು, ನಡ್ಯಾಕ ಜೋಲಿ ಹೋಗ್ತಿತ್ತು. ಎರಡೂವರೆ ಸೆಂಟಿಮೀಟರ್ ಗಂಟು. "ಅವಾಗ ಯಾಕ ನೋಡಲಿಲ್ರಿ ಸರ್" ಅಂದ್ರು, ನನ್ನ ಕಡೆ ಉತ್ತರ ಇರಲಿಲ್ಲ. ಬೆಂಗಳೂರಾಗ ಆಪರೇಷನ್ ಆತು, ಮುಖದ ನರ ಉಳೀತು, ಕಿವಿ ಉಳೀಲಿಲ್ಲ. ಸ್ಟಿರಾಯ್ಡಿಗೆ ಕಿವಿ ತಿರುಗಿ ಬಂತಂದ್ರ ಗಂಟಿಲ್ಲ ಅಂತ ತಿಳ್ಕೋಬ್ಯಾಡ್ರಿ.

ಮೊದ್ಲು ಸೋವಿ ಅಂತ ಬೆರಾ ನಂಬಿದ್ದೆ, ಅಂದ್ರ ಕಿವಿಗೆ ಸಪ್ಪಳ ಕೊಟ್ಟು ನರದಾಗಿನ ವೇವ್ ನೋಡೋ ಟೆಸ್ಟ್. ಒಂದ್ ಸೆಂಟಿಮೀಟರಿಗಿಂತ ಸಣ್ಣ ಗಂಟು ಎಷ್ಟೋ ಅದ್ರಾಗ ತಪ್ಪಿಸ್ಕೊಂತಾವು, ಕಿವಿ ಭಾಳ ಹೋಗಿದ್ರ ವೇವ್‌ನ ಬರಂಗಿಲ್ಲ. ಕಾಂಟ್ರಾಸ್ಟ್ ಎಂಆರ್‌ಐ, ಅಂದ್ರ ಗಂಟು ಎದ್ದು ಕಾಣೋ ಔಷಧಿ ಚುಚ್ಚಿ ತಗಿಯೋದು, ಅವಾಗ ಎಂಟೊಂಬತ್ತು ಸಾವಿರ ಇತ್ತು, ರೇಟ್ ಕೇಳಿ ಅರ್ಧ ಮಂದಿ ಹುಬ್ಬಳ್ಳಿ ಬಸ್ಸ ಹತ್ತಲಿಲ್ಲ. ಕಡೀಕ ಅಲ್ಲಿ ಒಂದ್ ಸೆಂಟರಿನವರ ಜೋಡಿ ಕುಂತು ಮಾತಾಡಿ, ಕಾಂಟ್ರಾಸ್ಟ್ ಇಲ್ದ ಬರೇ ಒಳಗಿವಿ ನರದ ಜಾಗಾದ್ದು ತೆಳು ಟಿ2 ಕಟ್ಸ್ (ಒಳಗಿನ ನೀರು ಬೆಳ್ಳಗ, ನರ ಕರ್ರಗ ಕಾಣೋ ಎಂಆರ್‌ಐ ಚಿತ್ರ), ಮೂರು ಸಾವಿರದೊಳಗ ಕುದುರಿಸ್ದೆ.  ಡೌಟ್ ಬಂದ್ರಷ್ಟ ಗ್ಯಾಡೋಲಿನಿಯಂ, ಅಂದ್ರ ಆ ಕಾಂಟ್ರಾಸ್ಟ್ ಔಷಧಿ.

ನಡುವ ಒಂದ್ ಪ್ರಯೋಗ ಮಾಡ್ದೆ. ಎಪಿಎಂಸಿ ದಲಾಲಿಯೊಬ್ರು "ಫೋನ್ ಕೆಟ್ಟೈತಿ ಅನ್ಕೊಂಡಿದ್ದೆರಿ, ಎಡಕ್ಕ ಹಚ್ಚಿದ್ರ ಬರೋಬರಿ ಕೇಳತೈತಿ" ಅಂತ ಬಂದ್ರು. ಬಲಗಿವಿ 40 ಡೆಸಿಬಲ್ ಕಡಿಮಿ ಕೇಳ್ತಿತ್ತು, ಅಂಥಾ ದೊಡ್ಡದಲ್ಲ. ಎಡಗಿವಿಗೆ ಮಾಸ್ಕಿಂಗ್ (ಆ ಕಿವಿಗೆ ಕೇಳದಂಗ ಬ್ಯಾರೆ ಸಪ್ಪಳ) ಹಾಕಿ ಬಲಗಿವಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹೆಸರು, ಕಡ್ಲಿ ಅಂತ ಅವ್ರ ದಂಧೆದ ಹತ್ತು ಶಬ್ದ ಹೇಳ್ದೆ, ಎರಡ ಬರೋಬರಿ ಹೇಳಿದ್ರು, ದನಿ ಏರಿಸಿದ್ರ ಅವೂ ತಪ್ಪಿದ್ವು. ಸಪ್ಪಳ ಕೇಳಿದ್ರೂ ಶಬ್ದ ತಿಳಿಯವಲ್ದಂದ್ರ ನರದ್ದ ತ್ರಾಸು ಇರಬೇಕಂತ ಅಲ್ಲೇ ನನಗ ಸಂಶಯ ಬಂತು, ಟಿ2 ತಗಿಸಿದ್ರ ಎಂಟು ಮಿಲಿಮೀಟರ್ ಗಂಟು, ಇನ್ನಾ ನರ ಹಾಯೋ ಎಲಬಿನ ಕಾಲುವಿ ಬಿಟ್ಟು ಹೊರಗ ಬಂದಿರಲಿಲ್ಲ. ದಿನಾ ಬಳಸೋ ಶಬ್ದಾನ ತಪ್ತಾವಂದ್ರ ಆಡಿಯೋಗ್ರಾಮ್ ಚೊಲೊ ಕಂಡ್ರೂ ನಾ ನಂಬಂಗಿಲ್ಲ.

ಅವ್ರಿಗೆ ಆಪರೇಷನ್ ಇಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನ್ ಅಷ್ಟ. ಹೋದ ತಿಂಗಳ ತಗದಾಗ ಬೆಳದಿರಲಿಲ್ಲ. ಫೋನ್ ಮಾತ್ರ ಈಗ ಎಡಗಿವಿಗೆ.