ಔಷಧಿ ತುಂಬಿದ ಲೆನ್ಸ್: ಹಾಕುವುದು ಹೇಗೆ, ಯಾರಿಗೆ ಬೇಡ

ತೊಗರಿ ರಾಶಿ ಶುರುವಾದರೆ ಕಲಬುರಗಿ ಕಡೆ ಎಷ್ಟೋ ಜನರ ಕಣ್ಣು ತುರಿಸಲು ಶುರು. ಬೇಸಿಗೆಯ ಧೂಳಿಗೆ, ಫರ್ಸಿ ಕಲ್ಲು ಕೊರೆಯುವ ಪುಡಿಗೆ ಕೂಡ ಅಷ್ಟೇ. ಡ್ರಾಪ್ಸ್ ಹಾಕಿದರೆ ಕೆನ್ನೆ ಮೇಲೆ ಹರಿದು ಹೋಗುತ್ತದೆ, ಅಲ್ವಾ? ಒಂದು ಹನಿ ಅಂದರೆ 30ರಿಂದ 50 ಮೈಕ್ರೋಲೀಟರ್, ಕಣ್ಣಲ್ಲಿ ಸದಾ ಇರುವ ನೀರು ಬರೀ 7 ಮೈಕ್ರೋಲೀಟರ್. ಹೆಚ್ಚಾದದ್ದು ಹೊರಗೆ ಚೆಲ್ಲುತ್ತದೆ, ಇಲ್ಲವೇ ಮೂಗಿನ ದಾರಿ ಹಿಡಿದು ಗಂಟಲಿಗೆ ಇಳಿಯುತ್ತದೆ. ಬಾಯಿ ಕಹಿಯಾಗುವುದು ಅದಕ್ಕೇ. ಕಣ್ಣಿನೊಳಗೆ ಸೇರುವ ಔಷಧಿ ಸಾಮಾನ್ಯವಾಗಿ ನೂರಕ್ಕೆ 5 ಪಾಲೂ ಇರುವುದಿಲ್ಲ.

ಔಷಧಿಯನ್ನು ಕಣ್ಣಿನ ಮೇಲೇ ಕೂರುವ ಕಾಂಟ್ಯಾಕ್ಟ್ ಲೆನ್ಸಿನಲ್ಲೇ ಸೇರಿಸಿದರೆ ಅದು ಲೆನ್ಸಿಗೂ ಕಣ್ಣಿಗೂ ನಡುವಿನ ತೆಳು ನೀರಿಗೆ ಇಳಿಯುತ್ತದೆ, ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಇಂಥದ್ದೊಂದು, ಅಕ್ಯುವ್ಯೂ ಥೆರಾವಿಷನ್, ಜಪಾನಿನಲ್ಲಿ 2021ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆಯಿತು. ಒಂದೊಂದರಲ್ಲೂ 0.019 ಮಿಲಿಗ್ರಾಂ ಕೀಟೋಟಿಫೆನ್ ಎಂಬ ಅಲರ್ಜಿ ಔಷಧಿ. ಅಲರ್ಜಿ ತುರಿಕೆ ಬಾರದಂತೆ 12 ಗಂಟೆವರೆಗೆ ತಡೆಯುತ್ತದೆ. ಕಣ್ಣು ಕೆಂಪಾಗಿದ್ದರೆ ಇದು ಬೇಡವೇ ಬೇಡ.

1. ಮೊದಲು ಕಣ್ಣಿನ ಡಾಕ್ಟರರನ್ನು ಕೇಳಿ. ನಂಬರ್ ಮತ್ತು ಅಳತೆ ನೋಡದೆ ಯಾವ ಲೆನ್ಸನ್ನೂ ತರಿಸಬೇಡಿ.

2. ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿ. ಲೆನ್ಸಿಗೆ ನಲ್ಲಿ ನೀರು, ಬೋರ್ ನೀರು ಯಾವುದೂ ತಾಗಬಾರದು, ಏಕೆಂದರೆ ನೀರಿನಲ್ಲಿರುವ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿಕೊಂಡರೆ ದೃಷ್ಟಿಯನ್ನೇ ಕಳೆಯಬಹುದು.

3. ಬೆರಳ ತುದಿಯಲ್ಲಿ ಲೆನ್ಸ್ ಬಟ್ಟಲಿನಂತೆ ನಿಂತಿದೆಯಾ ನೋಡಿ. ಅಂಚು ಹೊರಗೆ ಬಾಗಿದ್ದರೆ ತಿರುವುಮುರುವಾಗಿದೆ. ಕೆಳರೆಪ್ಪೆ ಎಳೆದು ಮೆಲ್ಲಗೆ ಇಡಿ.

4. ರಾತ್ರಿ ತೆಗೆದು ಎಸೆಯಿರಿ. ಒಂದೇ ದಿನದ್ದು ಅದು, ಹಾಕಿಕೊಂಡು ಮಲಗಬಾರದು. ತೊಳೆದು ನಾಳೆಗೆ ಇಟ್ಟುಕೊಳ್ಳುವ ಉಳಿತಾಯ ಖಂಡಿತ ಬೇಡ.

ಹಾಗಾದರೆ ಮನೆಯಲ್ಲಿರುವ ಲೆನ್ಸನ್ನೇ ಡ್ರಾಪ್ಸಿನಲ್ಲಿ ನೆನೆಸಿ ಹಾಕಿಕೊಳ್ಳಬಹುದಾ? ದಯವಿಟ್ಟು ಬೇಡ. ಔಷಧಿ ಎಷ್ಟು ಹೀರಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಬಹಳಷ್ಟು ಡ್ರಾಪ್ಸಿನಲ್ಲಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಮೆತ್ತನೆ ಲೆನ್ಸಿನಲ್ಲಿ ಕೂತು ಕಣ್ಣಿಗೆ ಉರಿ ತರುತ್ತದೆ. ಕೀಟೋಟಿಫೆನ್ ಡ್ರಾಪ್ಸ್ ಹಾಕಿದರೆ ಕನಿಷ್ಠ 10 ನಿಮಿಷ ಬಿಟ್ಟು ಲೆನ್ಸ್ ಹಾಕಿ.

ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಗ್ಗುವ ಕಾಯಿಲೆ) ಇರುವ ಹಿರಿಯರ ವಿಷಯ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಕೈ ನಡುಗುತ್ತದೆ, ಹನಿ ಕಣ್ಣಿಗೆ ಬೀಳುವುದಿಲ್ಲ, ಒಂದೊಂದು ಹೊತ್ತು ಮರೆತೇ ಹೋಗುತ್ತದೆ. ಅಂಥವರಿಗಾಗಿ ಲೆನ್ಸ್ ಮಾಡುವ ಸಂಶೋಧನೆ ನಡೆದಿದೆ. ಔಷಧಿ ಮೊದಲ ಕೆಲವೇ ಗಂಟೆಗಳಲ್ಲಿ ಖಾಲಿಯಾಗುವುದೇ ಅದರಲ್ಲಿ ದೊಡ್ಡ ತೊಡಕು. ಅದನ್ನು ನಿಧಾನ ಮಾಡಲು ಲೆನ್ಸಿಗೆ ವಿಟಮಿನ್ ಇ ಸೇರಿಸಿಯೂ ನೋಡಿದ್ದಾರೆ. ಅಂಥ ಲೆನ್ಸ್ ಕೈಗೆ ಬರುವವರೆಗೆ ಅವರ ಡ್ರಾಪ್ಸ್ ಒಂದು ಹೊತ್ತೂ ತಪ್ಪಬಾರದು: ಮನೆಯವರೇ ಹಾಕಿ, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ.