ಆಕ್ಸಿಜನ್-17 ಸಿಗ್ನಲ್: ದೊಡ್ಡ ಮ್ಯಾಗ್ನೆಟ್ ಹುಡುಕುವ ಮೊದಲು

ಪ್ರೋಟೀನಿನ ಹೈಡ್ರೋಜನ್ ಬಂಧಗಳಲ್ಲಿ ಹೆಚ್ಚಿನವು ಆಕ್ಸಿಜನ್ ಮೇಲೆಯೇ ನಿಂತಿವೆ. ಆದರೂ ಎನ್‌ಎಂಆರ್‌ನಲ್ಲಿ (ಮ್ಯಾಗ್ನೆಟ್‌ನೊಳಗೆ ಪರಮಾಣು ಬೀಜಗಳ ರೇಡಿಯೋ ಸಿಗ್ನಲ್ ಅಳೆಯುವ ವಿಧಾನ) ಅದನ್ನು ನೋಡುವವರು ಕಡಿಮೆ. ಕಾಣಿಸುವ ಐಸೊಟೋಪ್ ಆಕ್ಸಿಜನ್-17 ಒಂದೇ. ಪ್ರಕೃತಿಯಲ್ಲಿ ಅದರ ಪಾಲು 0.038%. ಅದರ ಬೀಜದ ಸ್ಪಿನ್ 5/2 ಆದ್ದರಿಂದ ಸ್ಪೆಕ್ಟ್ರಮ್‌ನ ಗೆರೆಗಳೂ ಅಗಲ. ಸಿಗ್ನಲ್ ಸಾಲದೆಂದರೆ ಎಲ್ಲರೂ ದೊಡ್ಡ ಮ್ಯಾಗ್ನೆಟ್ ಕೇಳುತ್ತಾರೆ. ಲೇಬಲ್ (ಸ್ಯಾಂಪಲ್‌ಗೆ ಸೇರಿಸಿದ ಆಕ್ಸಿಜನ್-17), ರೋಟರ್ (ಸ್ಯಾಂಪಲ್ ತುಂಬಿ ವೇಗವಾಗಿ ತಿರುಗಿಸುವ ಕೊಳವೆ) ಸರಿಯಿಲ್ಲದೆ ಅಲ್ಲಿಗೆ ಹೋಗುವುದು ದಂಡ ಎಂಬುದು ನಮ್ಮ ಅಭಿಪ್ರಾಯ.

ಪೆಪ್ಟೈಡ್ ಕಟ್ಟಲು ಬೇಕಾದ ಎಫ್‌ಮಾಕ್-ಲ್ಯೂಸಿನ್‌ಗೆ (ಎಫ್‌ಮಾಕ್ ಎಂಬ ರಕ್ಷಕ ಗುಂಪು ಹೊತ್ತ ಅಮೈನೋ ಆಮ್ಲ) ಗುಂಡುಗಳಿಂದ ಅರೆಯುವ ಬಾಲ್ ಮಿಲ್‌ನಲ್ಲೇ ಲೇಬಲ್ ಹಾಕುತ್ತೇವೆ. 1 ಮಿಲಿಮೋಲ್ (353 ಮಿಗ್ರಾಂ) ಪುಡಿಗೆ 178 ಮಿಗ್ರಾಂ ಕಾರ್ಬೊನಿಲ್‌ಡೈಇಮಿಡಜೋಲ್ (ಆಮ್ಲದ ತುದಿ ನೀರಿನೊಂದಿಗೆ ಪ್ರತಿಕ್ರಿಯಿಸುವಂತೆ ಮಾಡುವ ರಾಸಾಯನಿಕ). 10 ಮಿಲೀ ಸ್ಟೀಲ್ ಜಾರ್, ಎರಡು ಗುಂಡು, 25 ಹರ್ಟ್ಜ್, 30 ನಿಮಿಷ. ಕಾರ್ಬನ್ ಡೈಆಕ್ಸೈಡ್ ಬರುವುದರಿಂದ ಮುಚ್ಚಳವನ್ನು ನಿಧಾನಕ್ಕೆ ಬಿಚ್ಚಬೇಕು. ಆಮೇಲೆ 40% ಲೇಬಲ್ ನೀರು (ಅದರ ಆಕ್ಸಿಜನ್‌ನಲ್ಲಿ 40% ಆಕ್ಸಿಜನ್-17) 45 ಮೈಕ್ರೋಲೀಟರ್ ಹಾಕಿ ಮತ್ತೆ 30 ನಿಮಿಷ. ಎಡವುವುದು ಇಲ್ಲೇ. ಈ ಹಂತ ಅರ್ಧಕ್ಕೆ ನಿಂತಿದ್ದರೆ, ತೊಳೆಯುವಾಗ ಬಳಸುವ ಮಾಮೂಲಿ ನೀರು ಉಳಿದದ್ದನ್ನು ಮುಗಿಸಿಬಿಡುತ್ತದೆ: ಇಳುವರಿ ಚೆನ್ನಾಗಿ, ಲೇಬಲ್ ಮಾತ್ರ ಕಮ್ಮಿ. ಅವಸರಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಎಫ್‌ಮಾಕ್ ಕಳಚುತ್ತದೆ. ಹೆಚ್ಚು ಹೊತ್ತು ಅರೆಯುವುದೇ ವಾಸಿ. ಜಾರ್‌ನ ತೇವ 5 ಮೈಕ್ರೋಲೀಟರ್ ಇದ್ದರೂ ಹತ್ತರಲ್ಲೊಂದು ಪಾಲು ಲೇಬಲ್ ಹೋಯಿತೆಂದೇ ಲೆಕ್ಕ.

ಲ್ಯೂಸಿನ್‌ನ ಆಮ್ಲ ತುದಿಯಾದ ಕಾರ್ಬಾಕ್ಸಿಲ್‌ನ ಎರಡು ಆಕ್ಸಿಜನ್‌ಗಳಲ್ಲಿ ಹೊಸದಾಗಿ ಬರುವುದು ಒಂದೇ. ಹಾಗಾಗಿ 40% ನೀರಿನಿಂದ ಸರಾಸರಿ 20% ದಾಟಲಾಗದು. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಎಂ+1 (ಮಾಮೂಲಿ ಅಣುವಿಗಿಂತ ಒಂದು ಘಟಕ ಹೆಚ್ಚು ಭಾರದ) ಗೆರೆಯನ್ನು ನೇರವಾಗಿ ನಂಬಬೇಡಿ: 21 ಕಾರ್ಬನ್‌ಗಳ ಕಾರ್ಬನ್-13 ಒಂದೇ ಅಲ್ಲಿ ಸುಮಾರು 23% ಕೊಡುತ್ತದೆ. ಲೇಬಲ್ ನೀರಿನಲ್ಲಿರುವ ಆಕ್ಸಿಜನ್-18 ಎಂ+2ರಲ್ಲಿ ಕೂರುತ್ತದೆ.

ರೋಟರ್ ಸಿಲಿಕಾನ್ ನೈಟ್ರೈಡ್‌ದಾಗಿರಲಿ. ಜಿರ್ಕೋನಿಯಾ ಸ್ವತಃ ಆಕ್ಸೈಡ್. ಅದರ ಗೆರೆ ಸುಮಾರು 380 ಪಿಪಿಎಂನಲ್ಲಿ (ಸ್ಪೆಕ್ಟ್ರಮ್‌ನಲ್ಲಿ ಗೆರೆಯ ಜಾಗ ಹೇಳುವ ಅಳತೆ) ಎದ್ದು, ಕಾರ್ಬೊನಿಲ್‌ನ (C=O) 300 ಪಿಪಿಎಂ ಆಸುಪಾಸಿನ ಪಟ್ಟಿಗೆ ತಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಖಾಲಿ ರೋಟರನ್ನು ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿ ಕಳೆಯಬೇಕು.

ರೇಡಿಯೋ ಪಲ್ಸ್‌ನ ಉದ್ದ ಅಳೆಯುವುದು ದ್ರವ ನೀರಿನಲ್ಲಿ. ಅದರ ಗೆರೆಯೇ 0 ಪಿಪಿಎಂ. ಅಲ್ಲಿ 90 ಡಿಗ್ರಿಗೆ 6 ಮೈಕ್ರೋಸೆಕೆಂಡ್ ಬಂದರೆ, ಅದೇ ಪವರ್‌ನಲ್ಲಿ ಘನದ ಸೆಂಟ್ರಲ್ ಟ್ರಾನ್ಸಿಶನ್‌ಗೆ (ನಾವು ಅಳೆಯುವ ನಡುವಿನ ಗೆರೆ) ಹಾಕಬೇಕಾದದ್ದು 2. ಹೊಸಬರು 6ನ್ನೇ ಹಾಕಿ, ಸಿಗ್ನಲ್ ಸರಿಯಿಲ್ಲವೆಂದು ಸ್ಯಾಂಪಲ್ ಮೇಲೆ ತಪ್ಪು ಹೊರಿಸುತ್ತಾರೆ. ಎಕೋದಲ್ಲಿ (ಎರಡು ಪಲ್ಸ್ ಕೊಟ್ಟು ಸಿಗ್ನಲ್ ಮರಳಿಸುವ ವಿಧಾನ) ಪಲ್ಸ್‌ಗಳ ನಡುವಿನ ವಿರಾಮ ರೋಟರ್ ಸುತ್ತಿಗೆ ಹೊಂದಬೇಕು. 20 ಕಿಲೊಹರ್ಟ್ಜ್‌ನಲ್ಲಿ ಒಂದು ಸುತ್ತು 50 ಮೈಕ್ರೋಸೆಕೆಂಡ್.

ಇನ್ನು ಮ್ಯಾಗ್ನೆಟ್. ಕಾರ್ಬೊನಿಲ್‌ನ ಕ್ವಾಡ್ರುಪೋಲ್ ಕಪ್ಲಿಂಗ್ (ಬೀಜಕ್ಕೂ ಸುತ್ತಲ ವಿದ್ಯುತ್ ಕ್ಷೇತ್ರಕ್ಕೂ ಇರುವ, ಗೆರೆಯನ್ನು ಅಗಲಿಸುವ ನಂಟು) ಸುಮಾರು 8 ಮೆಗಾಹರ್ಟ್ಜ್. ಆ ಕ್ಷೇತ್ರದ ಅಸಿಮೆಟ್ರಿ ಸೊನ್ನೆ ಎಂದುಕೊಂಡರೆ ತಿರುಗುವ ಸ್ಯಾಂಪಲ್‌ನ ಗೆರೆಯಗಲ 14.1 ಟೆಸ್ಲಾದಲ್ಲಿ 124 ಪಿಪಿಎಂ, 18.8ರಲ್ಲಿ 70, ಅಮೆರಿಕದ ಟಾಲಹಾಸಿಯ 35.2 ಟೆಸ್ಲಾ ಹೈಬ್ರಿಡ್ ಮ್ಯಾಗ್ನೆಟ್‌ನಲ್ಲಿ 20. ಗ್ರಾಮಿಸಿಡಿನ್-ಎ (ಜೀವಕೋಶದ ಪೊರೆಯಲ್ಲಿ ನಾಳವಾಗುವ ಪೆಪ್ಟೈಡ್) ನಾಳದ ಕಾರ್ಬೊನಿಲ್‌ಗಳನ್ನೂ ನಾಳದೊಳಗಿನ ನೀರಿನ ಸರಪಳಿಯನ್ನೂ ಆಕ್ಸಿಜನ್-17ರಿಂದ ನೋಡಿದ್ದು ಅಲ್ಲೇ.

18.8ರಲ್ಲೇ ಇರುವವರಿಗೆ ಎಕೋಗೆ ಮುಂಚೆ ಡಬಲ್ ಫ್ರೀಕ್ವೆನ್ಸಿ ಸ್ವೀಪ್ (ಸೆಂಟ್ರಲ್ ಗೆರೆಯ ಎರಡೂ ಬದಿ ಆವರ್ತನ ಜಾರಿಸಿ ಸಿಗ್ನಲ್ ಹೆಚ್ಚಿಸುವ ಪಲ್ಸ್) ಸೇರಿಸುವುದು ಲಾಭ. ಸಿದ್ಧಾಂತದ ಮಿತಿ 5 ಪಟ್ಟು; ಕೈಗೆ ಸಿಗುವುದು 2ರಿಂದ 3. ಸ್ವೀಪ್ ದೂರದಿಂದ ಒಳಕ್ಕೆ ಬಂದು, ಸೆಂಟ್ರಲ್ ಗೆರೆಗೆ ತಗಲುವ ಮೊದಲೇ ನಿಲ್ಲಬೇಕು. ನಾವು 100 ಕಿಲೊಹರ್ಟ್ಜ್ ಹತ್ತಿರ ನಿಲ್ಲಿಸುತ್ತೇವೆ. ಆಚೆಯ ತುದಿಯಲ್ಲಿ ಪ್ರೋಬ್‌ನ (ರೋಟರ್ ಕೂರುವ, ಪಲ್ಸ್ ಕೊಡುವ ಭಾಗ) ಬ್ಯಾಂಡ್‌ವಿಡ್ತ್ ಮೀರಿದ ಭಾಗಕ್ಕೆ ಪವರ್ ತಲುಪುವುದೇ ಇಲ್ಲ. ಕಪ್ಲಿಂಗ್ ಬೇರೆಯಾದಂತೆ ಲಾಭವೂ ಬೇರೆ. ಆದ್ದರಿಂದ ನೀರು-ಕಾರ್ಬೊನಿಲ್ ಅನುಪಾತ ಬೇಕಾದಾಗ ಸ್ವೀಪ್ ತೆಗೆದು, ಬರೀ ಎಕೋದಲ್ಲಿ ಅಳೆಯುತ್ತೇವೆ.