ಹಾಕಿದ ಗೊಬ್ಬರ ತೋಡಿಗೆ ಹೋಗುತ್ತಿತ್ತು

ನಮ್ಮದು ಪುತ್ತೂರು ಕಡೆ ಎರಡೂವರೆ ಎಕರೆ ಅಡಿಕೆ ತೋಟ. ಮುರಕಲ್ಲಿನ ಮಣ್ಣು, ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಲೆಕ್ಕದಂತೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಒಂದು ಗ್ರಾಂ ಕಮ್ಮಿ ಮಾಡದೆ ಹಾಕುತ್ತಿದ್ದೆ. ಆದರೂ ಆಗಸ್ಟ್ ಬಂತೆಂದರೆ ಸೋಗೆ ಹಳದಿ. ತೋಟದ ಕೆಳಗಿನ ತೋಡಿನಲ್ಲಿ ಮಾತ್ರ ಪಾಚಿ ಹುಲುಸಾಗಿ ಬೆಳೆದಿರುತ್ತಿತ್ತು!

ಅನುಮಾನ ಬಂದು ಎರಡು ಹಳೇ ಪೇಂಟ್ ಬಕೆಟ್ ತಗೊಂಡು ತಳಕ್ಕೆ ತೂತು ಹೊಡೆದೆ. ಒಂದಕ್ಕೆ ಬರೀ ತೋಟದ ಮಣ್ಣು. ಇನ್ನೊಂದಕ್ಕೆ, ಇದ್ದಿಲು ಗೊಬ್ಬರವನ್ನು ಹಿಡಿದಿಡುತ್ತದಾ ನೋಡಲು, ಒಂಬತ್ತು ಪಾಲು ಮಣ್ಣಿಗೆ ಒಂದು ಪಾಲು ಇದ್ದಿಲ ಪುಡಿ. ಎರಡಕ್ಕೂ ಒಂದೊಂದು ಚಮಚ ಯೂರಿಯಾ ಹಾಕಿ ನೀರು ಸುರಿದೆ. ಕೆಳಗೆ ಇಳಿದ ನೀರಿಗೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನೈಟ್ರೇಟ್ ಪಟ್ಟಿ ಅದ್ದಿದೆ. ಬಣ್ಣವೇ ಬರಲಿಲ್ಲ. ಗೊಬ್ಬರ ಸೋರುತ್ತಲೇ ಇಲ್ಲ ಅಂತ ಖುಷಿಯಾಯಿತು.

ಕೃಷಿ ಓದಿದ ಭಾವ ನಕ್ಕುಬಿಟ್ಟ. "ಅದು ನೈಟ್ರೇಟ್ ನೋಡುವ ಪಟ್ಟಿ ಮಾರಾಯ. ನಿನ್ನ ಯೂರಿಯಾ ಇನ್ನೂ ಯೂರಿಯಾವೇ." ಯೂರಿಯಾ ಮೊದಲು ಅಮೋನಿಯಂ ಆಗಬೇಕು, ಆಮೇಲೆ ನೈಟ್ರೇಟ್. ಅಮೋನಿಯಂ ಮಣ್ಣಿಗೆ ಅಂಟಿಕೊಳ್ಳುತ್ತದೆ, ನೈಟ್ರೇಟ್ ಅಂಟುವುದಿಲ್ಲ. ಇನ್ನೂ ಅಮೋನಿಯಂ ಆಗದ ಯೂರಿಯಾವನ್ನೂ ಮಣ್ಣು ಹಿಡಿದುಕೊಳ್ಳುವುದಿಲ್ಲ, ಜೋರು ಮಳೆ ಬಂದರೆ ನೀರಿನ ಜೊತೆ ಹಾಗೇ ಹೋಗುತ್ತದೆ. ಅಂದರೆ ಪಟ್ಟಿಗೆ ಕಾಣದೆ ಹೋಗುತ್ತಿತ್ತು, ಅಷ್ಟೇ. ಮಳೆ ಬರುವ ಹಿಂದಿನ ದಿನ ಗೊಬ್ಬರ ಹಾಕಿ "ಚೆನ್ನಾಗಿ ಕರಗುತ್ತದೆ" ಅಂತ ನಾವು ಹೇಳುತ್ತಿದ್ದೆವಲ್ವಾ!

ಇನ್ನೊಮ್ಮೆ ಮಾಡಿದೆ. ಈ ಸಲ ಮಣ್ಣು ಒದ್ದೆಯಾಗುವಷ್ಟೇ ನೀರು ಚಿಮುಕಿಸಿ, ಎರಡು ವಾರ ಬಿಟ್ಟು ಆಮೇಲೆ ಸುರಿದೆ. ಬರೀ ಮಣ್ಣಿನ ಬಕೆಟ್ಟಿನ ನೀರಿಗೆ ಪಟ್ಟಿ ಕಡು ಗುಲಾಬಿ. ಇದ್ದಿಲಿನದ್ದು ತೆಳು ಗುಲಾಬಿ. ಬೆಳ್ಳಗೇನೂ ಉಳಿಯಲಿಲ್ಲ.

ಇದ್ದಿಲನ್ನು ಮನೆಯಲ್ಲೇ ಮಾಡುತ್ತೇನೆ. ಹೊಂಡದಲ್ಲಿ ತೆಂಗಿನ ಗೆರಟೆಗೆ ಬೆಂಕಿ ಕೊಟ್ಟು, ಮೇಲಿನದು ಕೆಂಡವಾಗಿ ಬೂದಿ ಕಾಣುವಾಗ ಇನ್ನೊಂದು ಪದರ ಹಾಕಬೇಕು. ಕೊನೆಗೆ ನೀರು ಸುರಿದು ನಂದಿಸಬೇಕು, ಇಲ್ಲವಾದರೆ ಎಲ್ಲ ಬೂದಿ. ಮೊದಲ ವರ್ಷ ಆ ಪುಡಿಯನ್ನು ಒಣದಾಗಿಯೇ ಅಡಿಕೆ ಸಸಿಗಳ ಬುಡಕ್ಕೆ ಹಾಕಿ ಪೆಟ್ಟು ತಿಂದೆ. ಹೊಸ ಇದ್ದಿಲು ಸಸಿಗೆ ಸಿಗಬೇಕಾದ್ದನ್ನೂ ತಾನೇ ಹೀರಿಕೊಂಡಿತು, ಎಲೆ ಬಿಳಚಿತು. ಈಗ ಸೆಗಣಿ ಸ್ಲರಿಯಲ್ಲಿ ಹದಿನೈದು ದಿನ ನೆನೆಸಿ, ಕಾಂಪೋಸ್ಟ್ ಜೊತೆ ಕಲಸಿಯೇ ಹಾಕುವುದು.

ಇದ್ದಿಲಿನ ಹಾಗೆ ವ್ಯಾಮ್ (VAM) ಎಂಬ, ಗಿಡದ ಬೇರಿನ ಜೊತೆ ಬದುಕುವ ಶಿಲೀಂಧ್ರವನ್ನೂ ಬಳಸಿ ನೋಡಿದೆ, ಅದರ ಕತೆ ಬೇರೆ. ಅದು ಗೊಬ್ಬರ ಅಲ್ಲ. ಬೇರಿನೊಳಗೆ ಹೊಕ್ಕು, ಬೇರು ತಲುಪದ ಕಡೆಗೂ ಕೂದಲಿಗಿಂತ ಸಪೂರ ಎಳೆ ಚಾಚಿ ರಂಜಕ, ಒಂದಿಷ್ಟು ಸಾರಜನಕ ತರುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ತಿನ್ನುತ್ತದೆ. ಬೇರು ಸಿಗದಿದ್ದರೆ ಬೆಳೆಯುವುದೇ ಇಲ್ಲ. ಹಾಗಾಗಿ ಮೇಲಿಂದ ಸುಮ್ನೆ ಎರಚಿದರೆ ದಂಡ, ಸಸಿಯ ಬೇರಿಗೆ ತಾಗುವ ಹಾಗೆ ಇಡಬೇಕು. ನಾನು ತಂದ ಮೊದಲ ಪ್ಯಾಕೆಟ್ ಅಂಗಡಿಯ ತಗಡಿನ ಮಾಡಿನಡಿ ಇಡೀ ಏಪ್ರಿಲ್ ಬೆಂದಿತ್ತು. ಅದರಿಂದ ಏನೂ ಆಗಲಿಲ್ಲ. ಈಗ ಜೋಳದ ಗಿಡದ ಬೇರಿನಲ್ಲಿ ನಾವೇ ಬೆಳೆಸಿಕೊಳ್ಳುತ್ತೇವೆ: ಗ್ರೋಬ್ಯಾಗಿನಲ್ಲಿ ಮೂರು ತಿಂಗಳು ಜೋಳ, ಕೊನೆಗೆ ನೀರು ನಿಲ್ಲಿಸಿ ಒಣಗಿಸಿ, ಬೇರು ಕೊಚ್ಚಿ ಮಣ್ಣಿನ ಸಮೇತ ಬಳಕೆ. ಆ ಚೀಲಕ್ಕೆ ರಂಜಕದ ಗೊಬ್ಬರ ಹಾಕಬಾರದು. ಪುಕ್ಕಟೆ ರಂಜಕ ಸಿಕ್ಕರೆ ಗಿಡಕ್ಕೆ ಶಿಲೀಂಧ್ರದ ಹಂಗೇಕೆ?

ಹಳೇ ಮರಗಳಿಗೆ ಹೊರಗಿಂದ ತಂದು ಹಾಕಿ ಜಾಸ್ತಿ ಲಾಭ ಕಾಣಲಿಲ್ಲ. ಅಲ್ಲಿ ಮಣ್ಣಿನಲ್ಲೇ ಇರುವುದನ್ನು ಉಳಿಸಿಕೊಳ್ಳಲು ಬುಡ ಅಗೆಯುವುದು ಬಿಟ್ಟೆ, ತರಗೆಲೆ ಹೊದೆಸಿದೆ.

ಜೊತೆಗೆ ಗೊಬ್ಬರವನ್ನು ನಾಲ್ಕು ಕಂತು ಮಾಡಿದೆ, ಜೂನ್-ಜುಲೈಯಲ್ಲಿ ಪೂರ್ತಿ ಬಂದ್. ಮೂರು ವರ್ಷವಾಯಿತು. ಯೂರಿಯಾ ಕಾಲು ಭಾಗ ಇಳಿಸಿದ್ದೇನೆ, ಆಗಸ್ಟಿನ ಹಳದಿ ಕಮ್ಮಿ. ಇದ್ದಿಲಿನದೋ, ಕಂತಿನದೋ ಅಂತ ಬಿಡಿಸಿ ಹೇಳಲಾರೆ. ಒಂದನ್ನೇ ಆರಿಸು ಎಂದರೆ ಕಂತನ್ನೇ ಆರಿಸುತ್ತೇನೆ, ಅದಕ್ಕೆ ದುಡ್ಡು ಬೇಡ.

ತೋಡಿನ ಪಾಚಿ ಈಗಲೂ ಇದೆ. ಮೇಲಿನ ತೋಟದವರದ್ದು ಅಂತ ನಾನು, "ಅಲ್ಲ, ನಿಮ್ಮದೇ" ಅಂತ ಹೆಂಡತಿ. ಡಬ್ಬಿಯಲ್ಲಿ ಇನ್ನು ನಾಲ್ಕು ಪಟ್ಟಿ ಉಳಿದಿದೆ.